ಕಂಪ್ಯೂಟರಿಗೆ ಕಾಣದ ಪೆನ್ ಡ್ರೈವ್

ಮಿರಜಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಕೆಲಸ. ಗಿರಾಕಿಗಳು ಬಂದು, "ಇದಕ್ಕ ಏನೋ ಹೊಕ್ಕೈತ್ರಿ, ತಾನ ಚಾಲೂ ಆಗ್ತೈತಿ, ತಾನ ಬಂದ್ ಆಗ್ತೈತಿ" ಎಂದಾಗಲೆಲ್ಲ ನಾನು ನಕ್ಕು, ಡಬ್ಬಿ ಬಿಚ್ಚಿ, ಒಳಗೆ ಉಬ್ಬಿ ಕೂತ ಬಿಡಿಭಾಗವನ್ನು ಬೆರಳಿಟ್ಟು ತೋರಿಸಿದ್ದೇನೆ. ಯಂತ್ರ ಕಾರಣವಿಲ್ಲದೆ ಏನನ್ನೂ ಮಾಡುವುದಿಲ್ಲ, ಕಾರಣ ಸಿಗಲಿಲ್ಲವೆಂದರೆ ಹುಡುಕಿದವನಿಗೆ ವಿದ್ಯೆ ಸಾಲದು ಎಂದು ನಂಬಿ ಬದುಕಿದವನು ನಾನು. ನಮ್ಮ ತಂದೆ ಬೆಲ್ಲದ ವ್ಯಾಪಾರಿ. ಅಮಾವಾಸ್ಯೆಯ ದಿನ ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಿದ್ದರು. ನನ್ನ ಅಂಗಡಿಗೆ ನಾನು ಕಟ್ಟಲಿಲ್ಲ. ಇವತ್ತಿಗೂ ಕಟ್ಟಿಲ್ಲ.

ಹಾಗಿದ್ದರೂ ಒಂದು ಮಧ್ಯಾಹ್ನದ ವಿಷಯದಲ್ಲಿ ನನ್ನ ವಿದ್ಯೆ ಸಾಲಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಮರ್ಯಾದೆ ತರುವಂಥದ್ದು ಕಡಿಮೆ. ಆ ಭಾಗವನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ನಂಬಿರಿ ಎಂದು ನಿಮ್ಮನ್ನು ಕೇಳುವುದು ಸರಿಯಾಗದು. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಮಾಲಗಾಂವಿಗೆ ಹೋಗುವ ರಸ್ತೆಯಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಇತ್ತು. ಅದರ ಹೆಸರು ಇಲ್ಲಿ ಬೇಡ. ಸುತ್ತಲಿನ ಊರುಗಳ ದ್ರಾಕ್ಷಿಯನ್ನು ಒಣಗಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಅಲ್ಲಿ ತಂದಿಡುತ್ತಾರೆ. ಬೇಸಿಗೆ ಬರುವಷ್ಟರಲ್ಲಿ ಎಲ್ಲ ಕೋಣೆಗಳೂ ಚಾವಣಿಯವರೆಗೆ ತುಂಬಿರುತ್ತವೆ. ಕೋಣೆಗಳನ್ನು ತಣ್ಣಗಿಡುವುದು ಅಮೋನಿಯಾ ಅನಿಲ. ಕೊಳವೆಯೊಳಗೆ ಇರುವಷ್ಟು ಹೊತ್ತು ಅದರಿಂದ ಯಾರಿಗೂ ತೊಂದರೆ ಇಲ್ಲ. ಹೊರಗೆ ಬಿದ್ದರೆ ಕಣ್ಣು, ಗಂಟಲು ಸುಡುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮನುಷ್ಯನನ್ನು ನೆಲಕ್ಕೆ ಕೆಡವುತ್ತದೆ. ಅದಕ್ಕೇ ಅಲ್ಲಲ್ಲಿ ಸೆನ್ಸರ್‌ಗಳನ್ನು ಹಾಕಿದ್ದರು. ಅವೆಲ್ಲ ಕಂಟ್ರೋಲ್ ರೂಮಿನ ಒಂದು ಹಳೆಯ ಕಂಪ್ಯೂಟರಿಗೆ ಸೇರುತ್ತಿದ್ದವು. ಸೋರಿಕೆ ಆದರೆ ಪರದೆ ಕೆಂಪಾಗಿ ಮಿನುಗಬೇಕು, ಮೇಜಿನ ಮೇಲಿನ ಎರಡು ಸ್ಪೀಕರ್‌ಗಳಿಂದ ದೊಡ್ಡ ಸದ್ದು ಬರಬೇಕು. ಕಂಪ್ಯೂಟರು ವಿಂಡೋಸ್ ಎಕ್ಸ್‌ಪಿ ಕಾಲದ್ದು. ಆ ಪ್ರೋಗ್ರಾಂ ಬರೆದುಕೊಟ್ಟ ಕಂಪನಿ ಎಂದೋ ಮುಚ್ಚಿಹೋಗಿತ್ತು. ಹೊಸ ಕಂಪ್ಯೂಟರಿನಲ್ಲಿ ಅದು ಓಡುವ ಭರವಸೆ ಯಾರಿಗೂ ಇರದೆ, ಅದನ್ನೇ ಎಳೆದುಕೊಂಡು ಹೋಗುತ್ತಿದ್ದರು. ಕೆಟ್ಟಾಗ ನನ್ನನ್ನು ಕರೆಯುತ್ತಿದ್ದರು.

ಕರೆಯುತ್ತಿದ್ದವರು ಭರಮಣ್ಣ, ಅಲ್ಲಿಯ ಹಗಲಿನ ಆಪರೇಟರ್. ಮಾಲಗಾಂವಿನ ಜೈನ ಮನೆತನದವರು, ವಯಸ್ಸು ಐವತ್ತು ದಾಟಿತ್ತು. ತೆಳ್ಳಗಿನ ಮನುಷ್ಯ, ಕಡಿಮೆ ಮಾತು. ಸೂರ್ಯ ಮುಳುಗುವ ಮೊದಲು ಮನೆಗೆ ಹೋಗಿ ಉಣ್ಣಬೇಕೆಂದು ಐದಕ್ಕೇ ಸೈಕಲ್ ಏರುತ್ತಿದ್ದರು. ನನ್ನನ್ನು ಅವರು ಮಾಸ್ತರ ಎಂದು ಏಕೆ ಕರೆಯುತ್ತಿದ್ದರೋ ಗೊತ್ತಿಲ್ಲ. ಅಂಗಡಿಯಲ್ಲಿ ದಿನವಿಡೀ ಮರಾಠಿ ಆಡುವ ನನಗೆ, ಮನೆಯ ಹೊರಗೆ ಕನ್ನಡ ಆಡಲು ಸಿಗುತ್ತಿದ್ದ ಕೆಲವೇ ಜನರಲ್ಲಿ ಅವರೊಬ್ಬರು.

ಆ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಸೆನ್ಸರ್ ಕೆಟ್ಟು, ಸೋರಿಕೆ ಇಲ್ಲದಿದ್ದರೂ ದಿನಕ್ಕೆ ನಾಲ್ಕೈದು ಸಲ ಕೂಗತೊಡಗಿತು. ಮ್ಯಾನೇಜರ್ ನನ್ನನ್ನು ಕರೆಸಿ ಆ ಸ್ಪೀಕರ್ ತೆಗೆದುಬಿಡಿ ಎಂದರು. ಭರಮಣ್ಣ ಅಲ್ಲೇ ನಿಂತಿದ್ದರು.

"ಬ್ಯಾಡ್ರಿ ಸಾಹೇಬ್ರ," ಎಂದರು. "ನಾ ಅರ್ಧಾ ಹೊತ್ತು ಆ ಕಡೆ ಕಂಪ್ರೆಸರ್ ಖೋಲ್ಯಾಗ ಇರ್ತೇನಿ. ಆವಾಜ ಇದ್ರ ಅಲ್ಲಿತನಾ ಕೇಳ್ತೈತಿ. ಇಲ್ಲಿ ಪಡದಾ ಕೆಂಪಾದ್ರ ನನಗ ಹೆಂಗ ಗೊತ್ತಾಗ್ಬೇಕು?"

"ಹೊಸಾ ಸೆನ್ಸರ್ ಬರೂತನಾ ಅಷ್ಟ ಭರಮಾ," ಎಂದರು ಮ್ಯಾನೇಜರ್. "ಮಾಲ್ ಇಡಾಕ ಬಂದವ್ರ ಮುಂದ ಹಿಂಗ ಹೊಡಕೊಂಡ್ರ ನಾಳೆ ಯಾರ ಬರ್ತಾರ?"

ಭರಮಣ್ಣ ನನ್ನ ಕಡೆ ನೋಡಿದರು. ನಾನು, "ಎಂಟ ದಿನದ ಮಾತು, ಭರಮಣ್ಣ" ಎಂದೆ. ಪ್ರೋಗ್ರಾಂನಲ್ಲಿ ಸದ್ದನ್ನು ಆಫ್ ಮಾಡಿದೆ. ಅಷ್ಟರಿಂದ ಮ್ಯಾನೇಜರಿಗೆ ಸಮಾಧಾನ ಆಗದಿದ್ದಾಗ ತಂತಿಯನ್ನೇ ಕತ್ತರಿಸಿ, ಎರಡೂ ಸ್ಪೀಕರ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಹೊಸ ಸೆನ್ಸರ್ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ನಿಜವಾಗಿಯೇ ಅನಿಲ ಸೋರಿತು. ಪಕ್ಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದ ಹದಿನಾಲ್ಕು ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿ ಬದುಕಿದರು. ಭರಮಣ್ಣ ಕಂಟ್ರೋಲ್ ರೂಮಿನ ನೆಲದ ಮೇಲೆ ಸಿಕ್ಕರು. ಮಿರಜಿನ ಆಸ್ಪತ್ರೆಗೆ ತರುವಷ್ಟರಲ್ಲಿ ಜೀವ ಹೋಗಿತ್ತು.

ನನಗೆ ಸುದ್ದಿ ಅಂಗಡಿಯಲ್ಲಿ ಸಿಕ್ಕಿತು. ಅಂತ್ಯಕ್ರಿಯೆಗೆ ನಾನು ಹೋಗಲಿಲ್ಲ. ಅರ್ಜೆಂಟ್ ಕೆಲಸ ಇದೆ ಎಂದು ಮನೆಯಲ್ಲಿ ಹೇಳಿ, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತಿದ್ದೆ. ಎರಡು ದಿನಗಳಲ್ಲಿ ಮಾರುಕಟ್ಟೆಯ ತುಂಬ ಒಂದು ಮಾತು ಹಬ್ಬಿತು. ಆಪರೇಟರ್ ಉಂಡು ಮಲಗಿದ್ದ, ಅಲಾರಂ ಬಂದದ್ದೇ ಅವನಿಗೆ ಗೊತ್ತಾಗಲಿಲ್ಲ, ಹದಿನಾಲ್ಕು ಜನರನ್ನು ಕೊಲ್ಲುತ್ತಿದ್ದ, ಹೋಗಿದ್ದು ಅವನೊಬ್ಬನೇ ಎಂದು. ನನ್ನ ಅಂಗಡಿಯ ಮುಂದೆ ಚಹಾ ಕುಡಿಯುವವರೂ ಹಾಗೆ ಅಂದರು. ನಾನು ಕೇಳಿಸಿಕೊಂಡೆ.

ಐದನೆಯ ದಿನ ಮ್ಯಾನೇಜರಿಂದ ಫೋನ್ ಬಂತು.

"ಇನ್ಸ್‌ಪೆಕ್ಟರ್‌ಗೆ ಕಂಪ್ಯೂಟರದಾಗಿನ ಲಾಗ್ ಬೇಕಂತ. ಪೆನ್ ಡ್ರೈವ್‌ನ್ಯಾಗ ಹಾಕಿ ಕೊಡ್ರಿ. ಅಲಾರಂ ಬಂದು ಹನ್ನೊಂದ ನಿಮಿಷ ಯಾರೂ ಮುಟ್ಟಿಲ್ಲ, ಪಡದಾ ಮ್ಯಾಲ ಈಗೂ ತೋರಸ್ತೈತಿ. ಅದನ್ನ ಕೊಟ್ರ ಮುಗೀತು."

ಲಾಗ್ ಎಂದರೆ ಆ ಕಂಪ್ಯೂಟರು ತಾನೇ ಬರೆದಿಡುವ ದಿನಚರಿ. ಯಾವ ಗಳಿಗೆಯಲ್ಲಿ ಯಾವ ಸೆನ್ಸರ್ ಏನು ಹೇಳಿತು, ಯಾರು ಯಾವ ಗುಂಡಿ ಒತ್ತಿದರು, ಎಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತದೆ.

ನಾನು ಹೋದಾಗ ಮಧ್ಯಾಹ್ನ ಎರಡು ದಾಟಿತ್ತು, ಬಿಸಿಲು ಸುಡುತ್ತಿತ್ತು. ಕಂಟ್ರೋಲ್ ರೂಮಿನ ಬಾಗಿಲು, ಕಿಟಕಿಗಳನ್ನೆಲ್ಲ ಐದು ದಿನದಿಂದ ತೆರೆದಿಟ್ಟಿದ್ದರೂ ಘಾಟು ಹೋಗಿರಲಿಲ್ಲ. ಮ್ಯಾನೇಜರಿಗೆ ಹೊಸ್ತಿಲಲ್ಲೇ ಕೆಮ್ಮು ಬಂದು, ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ನಾನೊಬ್ಬನೇ. ಮೇಜಿನ ಮೇಲೆ ಭರಮಣ್ಣನವರ ಊಟದ ಡಬ್ಬಿ ಇನ್ನೂ ಇತ್ತು. ಯಾರೂ ಅದನ್ನು ಮನೆಗೆ ಕಳಿಸಿರಲಿಲ್ಲ.

ಪೆನ್ ಡ್ರೈವನ್ನು ಮುಂದಿನ ಪೋರ್ಟಿಗೆ ಹಾಕಿದೆ. ಏನೂ ಆಗಲಿಲ್ಲ. ಪಕ್ಕದ್ದಕ್ಕೆ ಹಾಕಿದೆ. ಡ್ರೈವಿನ ಚಿಕ್ಕ ದೀಪ ಒಮ್ಮೆ ಮಂಕಾಗಿ ಹತ್ತಿ ಆರಿತು, ಪರದೆಯ ಮೇಲೆ ಏನೂ ಬರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಪೋರ್ಟಿನ ಒಳಗಿನ ತಾಮ್ರದ ಪಟ್ಟಿಗಳು ನೀಲಿ-ಹಸಿರು ಕಿಲುಬು ಹಿಡಿದಿದ್ದವು. ಅಮೋನಿಯಾ ತಾಮ್ರವನ್ನು ತಿನ್ನುತ್ತದೆ ಎಂದು ಓದಿದ್ದೆ, ಕಣ್ಣಿಂದ ನೋಡಿದ್ದು ಅವತ್ತೇ. ಹಿಂದುಗಡೆಯ ಎರಡು ಪೋರ್ಟುಗಳದ್ದೂ ಅದೇ ಸ್ಥಿತಿ. ಸ್ಪಿರಿಟ್, ಬ್ರಷ್, ಹತ್ತಿ ತೆಗೆದುಕೊಂಡು ನಾಲ್ಕನ್ನೂ ತಿಕ್ಕಿದೆ. ಹತ್ತಿ ಹಸಿರಾಯಿತೇ ಹೊರತು ಪೋರ್ಟ್ ಜೀವ ಹಿಡಿಯಲಿಲ್ಲ. ಡ್ರೈವೇ ದೊಡ್ಡದಾಗಿ ಹಳೆಯ ಕಂಪ್ಯೂಟರಿಗೆ ಓದಲು ಆಗದಿರಬಹುದೆಂದು, ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ ಖಾಲಿ ಇಟ್ಟಿದ್ದ ಒಂದು ಚಿಕ್ಕ ಡ್ರೈವನ್ನು ಹಾಕಿ ನೋಡಿದೆ. ಇಲ್ಲ. ಒಮ್ಮೆ ರೀಸ್ಟಾರ್ಟ್ ಮಾಡಿ, ಒಳಗಿನ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಬಂದಾಗಿದೆಯೇ ಎಂದೂ ಪರೀಕ್ಷಿಸಿದೆ. ಚಾಲೂ ಇತ್ತು. ಹಾರ್ಡ್ ಡಿಸ್ಕನ್ನೇ ಬಿಚ್ಚಿಕೊಂಡು ಹೋಗಬಹುದಿತ್ತಲ್ಲ ಎಂದು ಈ ಕೆಲಸ ಬಲ್ಲವರು ಕೇಳಬಹುದು. ಆ ಡಿಸ್ಕು ಒಳಗೊಳಗೇ ಕಟಕಟ ಎನ್ನುತ್ತಿತ್ತು. ಕರೆಂಟ್ ಪೂರ್ತಿ ತೆಗೆದರೆ ಮತ್ತೆ ತಿರುಗುತ್ತದೆಂಬ ನಂಬಿಕೆ ನನಗಿರಲಿಲ್ಲ.

ಸ್ಪಿರಿಟ್ ಆರಲೆಂದು ಕಾಯುವಾಗ ಸುಮ್ಮನೆ ಲಾಗನ್ನು ಪರದೆಯ ಮೇಲೆ ತೆರೆದೆ.

ಎರಡು ನಲವತ್ತೇಳಕ್ಕೆ ಸೋರಿಕೆಯ ಅಲಾರಂ. ಅದರ ಪಕ್ಕದಲ್ಲೇ, ಸದ್ದು ಆಫ್. ಎರಡು ಐವತ್ತೊಂದಕ್ಕೆ ಕಂಪ್ರೆಸರ್ ಕೋಣೆಯ ಪ್ಯಾನೆಲ್‌ನಿಂದ ಒತ್ತಡದ ರೀಡಿಂಗ್, ಆಪರೇಟರ್ ಮೂರು. ಎರಡು ಐವತ್ತಾರಕ್ಕೆ ಇನ್ನೊಂದು ರೀಡಿಂಗ್, ಅಲ್ಲಿಂದಲೇ, ಆಪರೇಟರ್ ಮೂರು. ಆಪರೇಟರ್ ಮೂರು ಎಂದರೆ ಭರಮಣ್ಣ. ಅವರು ಮಲಗಿರಲಿಲ್ಲ. ಯಂತ್ರಗಳ ಗದ್ದಲದ ನಡುವೆ ತಮ್ಮ ಕೆಲಸ ಮಾಡುತ್ತಿದ್ದರು, ಅವರನ್ನು ಕರೆಯುವ ಸದ್ದು ಮಾತ್ರ ಇರಲಿಲ್ಲ. ಎರಡು ಐವತ್ತೆಂಟಕ್ಕೆ ಕಂಟ್ರೋಲ್ ರೂಮಿಗೆ ಬಂದು, ಅಲಾರಂ ನೋಡಿದೆನೆಂದು ತಿಳಿಸುವ ಗುಂಡಿ ಒತ್ತಿದ್ದಾರೆ. ಐವತ್ತೊಂಬತ್ತಕ್ಕೆ ಹೆಂಗಸರಿದ್ದ ಶೆಡ್ಡಿನ ಮೇಲಿಂದ ಹೋಗುವ ಕೊಳವೆಯ ವಾಲ್ವ್ ಬಂದ್. ಮೂರು ಗಂಟೆ ಒಂದು ನಿಮಿಷಕ್ಕೆ ಎರಡನೆಯ ವಾಲ್ವ್. ಮೂರು ಗಂಟೆ ನಾಲ್ಕು ನಿಮಿಷಕ್ಕೆ ಮೂರನೆಯದು. ಅದರ ಮುಂದೆ ಆಪರೇಟರ್ ಮೂರು ಎಂಬ ಸಾಲು ಇರಲಿಲ್ಲ. ಬಾಗಿಲು ಆ ಕುರ್ಚಿಯಿಂದ ನಾಲ್ಕು ಹೆಜ್ಜೆ. ಆರು ನಿಮಿಷ ಅವರು ಆ ಅನಿಲದಲ್ಲಿ ನಿಂತು, ಬಾಗಿಲ ಕಡೆ ಹೋಗದೆ, ಒಂದೊಂದಾಗಿ ಗುಂಡಿ ಒತ್ತಿದ್ದಾರೆ.

ಲಾಗನ್ನು ಹಿಂದಕ್ಕೆ ಸರಿಸಿ ಮಾರ್ಚ್ ತಿಂಗಳಿಗೆ ಹೋದೆ. ಅಲ್ಲಿ ಒಂದು ಸಾಲು. ಸದ್ದನ್ನು ಆಫ್ ಮಾಡಿದವರು, ಸರ್ವಿಸ್. ಆ ಪಾಸ್‌ವರ್ಡ್ ನನ್ನದು.

ಇಷ್ಟು ಓದಿದ ಮೇಲೆ ನಾನು ಏನು ಮಾಡಿದೆನೆಂದು ಹೇಳಬೇಕು. ಕಂಪ್ಯೂಟರಿನ ಹಿಂದೆ ಐದನೆಯ ಪೋರ್ಟ್ ಒಂದಿತ್ತು. ಎಷ್ಟೋ ವರ್ಷಗಳ ಹಿಂದೆ ಕೆಟ್ಟ ಪ್ರಿಂಟರಿನ ಕೇಬಲ್ ಇನ್ನೂ ಅದರಲ್ಲೇ ಸಿಕ್ಕಿಕೊಂಡಿತ್ತು. ಪ್ಲಗ್ಗು ಬಾಯಿ ಮುಚ್ಚಿದ್ದರಿಂದ ಆ ಪೋರ್ಟಿನೊಳಗೆ ಅನಿಲ ಹೋಗಿರಲಾರದು, ತಾಮ್ರ ಚೊಕ್ಕವಾಗಿಯೇ ಇರಬೇಕು. ಕೇಬಲ್ ಕಿತ್ತು ಡ್ರೈವ್ ಹಾಕಿದ್ದರೆ ಬಹುಶಃ ಒಂದು ನಿಮಿಷದ ಕೆಲಸ. ನನಗೆ ಅದು ಕಂಡಿತು, ತಿಳಿಯಿತು, ನಾನು ಅದನ್ನು ಮುಟ್ಟಲಿಲ್ಲ. ಜೇಬಿನಲ್ಲಿ ಮೊಬೈಲ್ ಇತ್ತು, ಪರದೆಯ ಫೋಟೋ ತೆಗೆಯಬಹುದಿತ್ತು. ಅದನ್ನೂ ಮಾಡಲಿಲ್ಲ. ಲಾಗನ್ನು ಮುಚ್ಚಿದೆ. ಆ ಚಿಕ್ಕ ಡ್ರೈವನ್ನು ಹಾಳಾದ ಪೋರ್ಟಿನಿಂದ ಕಿತ್ತು, ಮುಚ್ಚಳ ಹಾಕಿ, ಅಂಗಿಯ ಜೇಬಿಗೆ ಇಳಿಬಿಟ್ಟು, ಹೊರಗೆ ಕೇಳುವಂತೆ ಹೇಳಿದೆ, "ಆಗಂಗಿಲ್ರಿ. ಡಿಟೆಕ್ಟ ಆಗವಲ್ದು. ಪೋರ್ಟ್ ಎಲ್ಲಾ ಖರಾಬ್ ಆಗ್ಯಾವು."

ಆಪರೇಟರ್ ಮಲಗಿದ್ದನೆಂಬ ಮಾತು ಹೇಗೂ ಹಬ್ಬಿತ್ತು, ಮ್ಯಾನೇಜರಿಗೆ ಅದೇನೂ ಬೇಸರದ ಸುದ್ದಿಯಾದಂತೆ ಕಾಣಲಿಲ್ಲ. "ಹಂಗಂತ ಬರದು ಸಹಿ ಮಾಡ್ರಿ. ಟೈಮ್ ಹಾಕ್ರಿ. ಆಮ್ಯಾಲ ಆ ಡಬ್ಬಾ ಗುಜರಿಗೆ ಹಾಕೂಣು" ಎಂದರು.

ಮೇಜಿನ ಮೇಲಿದ್ದ ಹಾಳೆಯೊಂದನ್ನು ತೆಗೆದುಕೊಂಡು, ಈ ಕಂಪ್ಯೂಟರಿನಲ್ಲಿ ಪೆನ್ ಡ್ರೈವ್ ಡಿಟೆಕ್ಟ್ ಆಗುವುದಿಲ್ಲ, ಲಾಗ್ ತೆಗೆಯುವುದು ಸಾಧ್ಯವಿಲ್ಲ ಎಂದು ಮರಾಠಿಯಲ್ಲಿ ಬರೆದೆ. ಗೋಡೆಯ ಗಡಿಯಾರ ನೋಡಿ ನಾಲ್ಕೂ ಹದಿನೈದು ಎಂದು ಬರೆದು ಸಹಿ ಮಾಡುತ್ತಿದ್ದೆ. ಆಗ ಆ ಸದ್ದು ಬಂತು.

ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿದಾಗ ಬರುವ ಎರಡು ಸ್ವರ ನಿಮಗೂ ಗೊತ್ತಿರುತ್ತದೆ, ಒಂದು ಕೆಳಗಿನದು, ಮರುಗಳಿಗೆಗೆ ಮೇಲಿನದು. ಅಷ್ಟೇ. ಜೋರಾಗಿ ಅಲ್ಲ, ಸಾಧಾರಣವಾಗಿ ಬರುವಷ್ಟೇ. ಸದ್ದು ಬಂದದ್ದು ಮೇಜಿನ ಬಲಮೂಲೆಯಿಂದ. ಅಲ್ಲಿ ಸ್ಪೀಕರ್ ಇರಲಿಲ್ಲ. ಸ್ಪೀಕರ್ ಇದ್ದ ಜಾಗದಲ್ಲಿ ಧೂಳಿನ ಚೌಕದ ಗುರುತಿತ್ತು, ನಾನು ಕತ್ತರಿಸಿದ ತಂತಿಯ ತುಂಡು ಬಾಲದಂತೆ ನೇತಾಡುತ್ತಿತ್ತು. ಹಳೆಯ ಕಂಪ್ಯೂಟರುಗಳ ಡಬ್ಬಿಯೊಳಗೆ ಒಂದು ಚಿಕ್ಕ ಪೀಪಿ ಇರುತ್ತದೆ, ಅದು ಕೀ ಎನ್ನಬಲ್ಲದು ಅಷ್ಟೇ, ಈ ಸ್ವರಗಳು ಅದರಿಂದ ಹೊರಡುವುದಿಲ್ಲ. ಪರದೆ ನೋಡಿದೆ. ಬಾಣದ ಗುರುತು ಮರಳು ಗಡಿಯಾರವಾಗಿ ನಿಂತಿತ್ತು, ಕಂಪ್ಯೂಟರು ಏನೋ ಕೆಲಸದಲ್ಲಿದ್ದಾಗ ನಿಲ್ಲುವಂತೆ. ನಾನು ಕೀಲಿಮಣೆ ಮುಟ್ಟಿರಲಿಲ್ಲ. ನನ್ನ ಎಡಗೈ ಹಾಳೆಯ ಮೇಲಿತ್ತು, ಬಲಗೈಯಲ್ಲಿ ಪೆನ್ನು.

"ಆತೇನ್ರಿ?" ಹೊರಗಿನಿಂದ ಮ್ಯಾನೇಜರ್ ಕೇಳಿದರು. "ಆವಾಜ ಬಂತಲ್ಲ, ಹತ್ತಿತೇನು?"

ಅವರಿಗೂ ಕೇಳಿಸಿತ್ತು.

ನಾನು ಪರದೆಯನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತು ಹಾಗೆ ನಿಂತೆನೋ, ಒಂದು ನಿಮಿಷ ಇರಬಹುದು, ಎರಡಿರಬಹುದು. ಮತ್ತೆ ಅದೇ ಮೂಲೆಯಿಂದ ಎರಡು ಸ್ವರ ಬಂದವು. ಈ ಸಲ ಮೇಲಿನದು ಮೊದಲು, ಕೆಳಗಿನದು ಆಮೇಲೆ. ಡ್ರೈವ್ ಕಿತ್ತಾಗ ಬರುವ ಸದ್ದು. ಮರಳು ಗಡಿಯಾರ ಹೋಗಿ ಬಾಣ ಬಂತು. ನಾನು ಜೇಬಿಗೆ ಕೈ ಹಾಕಿದೆ. ಡ್ರೈವ್ ಅಲ್ಲೇ ಇತ್ತು, ಮುಚ್ಚಳ ಹಾಕಿದಂತೆಯೇ. ಬಿಸಿಯಾಗಿತ್ತು. ಮೇ ತಿಂಗಳು, ಬೆವರಿದ ಎದೆಯ ಮೇಲಿನ ಜೇಬು, ಬಿಸಿಯಾಗದೆ ಏನು ಎಂದು ನನಗೆ ನಾನೇ ಹೇಳಿಕೊಂಡೆ.

ಹೊರಗೆ ಬಂದು ಹಾಳೆ ಕೊಟ್ಟೆ. "ಹತ್ತಿತಲ್ಲ?" ಎಂದು ಮ್ಯಾನೇಜರ್ ಮತ್ತೆ ಕೇಳಿದರು.

"ಇಲ್ರಿ."

"ಮತ್ತ ಏನದು ಆವಾಜ?"

"ನಿಮ್ಮ ಮೊಬೈಲ್ ಇರಬೇಕು."

ಅವರು ಮೊಬೈಲ್ ತೆಗೆದು ನೋಡಿದರು, ನನ್ನ ಮುಖ ನೋಡಿದರು, ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ನಾನು ಗಾಡಿ ಹತ್ತಿ ಮಿರಜಿಗೆ ಬಂದೆ.

ಅಂಗಡಿಗೆ ಬಂದು, ಏನೂ ಇರಲಾರದು ಎಂದು ಖಾತ್ರಿ ಮಾಡಿಕೊಳ್ಳಲೆಂದೇ ಡ್ರೈವನ್ನು ನನ್ನ ಕಂಪ್ಯೂಟರಿಗೆ ಹಾಕಿದೆ. ಅದರಲ್ಲಿ ಒಂದೇ ಒಂದು ಫೈಲ್ ಇತ್ತು. ಲಾಗ್. ಮಾರ್ಚ್ ತಿಂಗಳ ಆ ಸಾಲು, ಮೇ ತಿಂಗಳ ಎಲ್ಲ ಸಾಲುಗಳು, ಮೂರು ಗಂಟೆ ನಾಲ್ಕು ನಿಮಿಷದ ಆ ಕೊನೆಯ ಗುಂಡಿಯೂ. ಫೈಲ್ ನಕಲಾದ ಸಮಯ ನಾಲ್ಕೂ ಹದಿನೇಳು. ನಾನು ಸಹಿ ಮಾಡಿ ಎರಡು ನಿಮಿಷದ ಮೇಲೆ.

ಒಂಬತ್ತು ದಿನ ನಾನು ಆ ಡ್ರೈವನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟೆ. ಮನೆಯಲ್ಲಿ ಹೇಳಲಿಲ್ಲ. ಅಳಿಸಿಬಿಡುವುದು ಸುಲಭವಿತ್ತು. ಎರಡು ಸಲ ಅದನ್ನು ಹಾಕಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಒತ್ತಲಿಲ್ಲ. ಅದು ಧರ್ಮಬುದ್ಧಿಯಿಂದ ಎಂದು ಹೇಳಲಾರೆ. ಒತ್ತಿದ ಮೇಲೂ ಅದು ಅಲ್ಲೇ ಇದ್ದರೆ ಏನು ಮಾಡಲಿ ಎಂಬ ಹೆದರಿಕೆ ಇತ್ತು.

ಹತ್ತನೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ಅಂಗಡಿಗೆ ಬಂದರು. ಭರಮಣ್ಣನವರ ಹೆಂಡತಿ ಪದ್ಮಕ್ಕ. ನಾನು ಅವರನ್ನು ಮೊದಲು ನೋಡಿರಲಿಲ್ಲ. ಕುಂದ್ರಿ ಎಂದು ಸ್ಟೂಲ್ ಸರಿಸಿದೆ. ಅವರು ಕೂಡಲಿಲ್ಲ.

"ನೀವು ಆವಾಜಿನ ತಂತಿ ಕಡದ ದಿನಾ ಅವ್ರು ಮನೀಗೆ ಬಂದು ಹೇಳಿದ್ರು," ಎಂದರು. "ಇನ್ಸ್‌ಪೆಕ್ಟರ್‌ಗೆ ನಾ ಅದನ್ನ ಹೇಳ್ದೆ. ಸಾಕ್ಷಿ ಯಾರು ಅಂತ ಕೇಳ್ತಾನ. ಅದಕ್ಕ ಬಂದೇನಿ."

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ನಿಮ್ಮನ್ನ ಬೈಲಿಲ್ರಿ ಅವ್ರು. ಮಾಸ್ತರ ಮನಸ್ಸಿಲ್ದ ಮಾಡ್ಯಾರ, ಅಂದ್ರು."

ನಾನು ಮನಸ್ಸಿಲ್ಲದೆ ಮಾಡಿರಲಿಲ್ಲ. ಮುಂದಿನ ಗಿರಾಕಿಯ ಕಡೆ ಹೋಗುವ ಅವಸರದಲ್ಲಿ, ಬೇರೇನೋ ಯೋಚಿಸುತ್ತ ಮಾಡಿದ್ದೆ. ಆದರೆ ಅವರು ಮನೆಗೆ ಹೋಗಿ ನನ್ನ ಪರವಾಗಿ ಆ ಮಾತು ಹೇಳಿದ್ದರು.

"ಬಸದಿಗೆ ಹೋದ್ರ ಹೆಂಗಸರು ಮಾತ ನಿಂದ್ರಸ್ತಾರ," ಎಂದರು ಪದ್ಮಕ್ಕ. "ಶೆಡ್ಡಿನಾಗಿದ್ದ ಹದಿನಾಲ್ಕ ಮಂದ್ಯಾಗ ಆರು ಮಂದಿ ನಮ್ಮ ಓಣಿಯವ್ರ. ಅವ್ರ ಮುಂದ ಹಾದು ನೀರಿಗೆ ಹೋಗ್ಬೇಕ್ರಿ ನಾ. ನಿದ್ದಿ ಮಾಡಿದ್ರು ಅಂತ ನನಗ ಅನಸಂಗಿಲ್ಲ. ಆದ್ರ ಖರೇ ಏನು ಅನ್ನೂದು ನನಗ ಗೊತ್ತಾಗ್ಬೇಕು. ನಿದ್ದೀನ ಮಾಡಿದ್ರ ಅದನ್ನರ ಹೇಳ್ರಿ."

ಕಪಾಟು ತೆರೆದು, ಡ್ರೈವ್ ಹಾಕಿ, ಆ ಸಾಲುಗಳನ್ನು ಒಂದೊಂದಾಗಿ ಅವರಿಗೆ ಓದಿ ಹೇಳಿದೆ. ಶೆಡ್ಡಿನ ವಾಲ್ವ್ ಮೊದಲು ಬಂದ್ ಮಾಡಿದ ಸಾಲಿಗೆ ಬಂದಾಗ ಅವರು ಸ್ಟೂಲಿನ ಮೇಲೆ ಕೂತರು. ಮಾರ್ಚ್ ತಿಂಗಳ ಸಾಲನ್ನೂ ಓದಿದೆ. "ಇದು ನಾನ್ರಿ" ಎಂದೆ. ಅವರು ತಲೆಯಾಡಿಸಿದರು, ಅದು ಅವರಿಗೆ ಗೊತ್ತಿದ್ದ ವಿಷಯವೇ ಆಗಿತ್ತು.

ಅವತ್ತೇ ಇಬ್ಬರೂ ಸಾಂಗಲಿಗೆ ಹೋದೆವು. ಇನ್ಸ್‌ಪೆಕ್ಟರ್ ಮೊದಲು ನನ್ನ ಸಹಿ ಇದ್ದ ಹಾಳೆಯನ್ನು ಮುಂದಿಟ್ಟರು. ಲಾಗ್ ತೆಗೆಯುವುದು ಸಾಧ್ಯವಿಲ್ಲ ಎಂದು ನೀವೇ ಬರೆದಿದ್ದೀರಿ, ಮತ್ತೆ ಇದು ಎಲ್ಲಿಂದ ಬಂತು ಎಂದು ಕೇಳಿದರು. ಹೆದರಿಕೆಯಿಂದ ಹಾಗೆ ಬರೆದೆ, ನಕಲು ಮಾಡಿಕೊಂಡಿದ್ದೆ ಎಂದು ಹೇಳಿಕೆ ಕೊಟ್ಟೆ. ಮೊದಲ ಅರ್ಧ ನಿಜ, ಎರಡನೆಯ ಅರ್ಧ ಸುಳ್ಳು. ಬೇರೆ ಏನು ಹೇಳಬಹುದಿತ್ತು? ಜೇಬಿನಲ್ಲಿದ್ದ ಡ್ರೈವಿಗೆ ಅದು ತಾನಾಗಿ ಬಂತು ಎಂದರೆ ಡ್ರೈವೂ ಹೋಗುತ್ತಿತ್ತು, ಭರಮಣ್ಣನವರ ಹೆಸರೂ ಹೋಗುತ್ತಿತ್ತು.

ಅದೃಷ್ಟಕ್ಕೆ ಕಂಪ್ಯೂಟರು ಇನ್ನೂ ಗುಜರಿಗೆ ಹೋಗಿರಲಿಲ್ಲ. ಮರುದಿನ ಅದನ್ನು ಜಪ್ತಿ ಮಾಡಿಕೊಂಡು ಪರೀಕ್ಷೆಗೆ ಕಳಿಸಿದರು. ಪರೀಕ್ಷೆ ಮಾಡಿದ ತಜ್ಞೆ ಕೆಲವು ವಾರಗಳ ಮೇಲೆ ನನ್ನನ್ನು ಕರೆಸಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನನಗಿಂತ ಹತ್ತು ಪಾಲು ಹೆಚ್ಚು ಬಲ್ಲವರು. ಡಿಸ್ಕಿನಲ್ಲಿರುವ ಲಾಗೂ ಡ್ರೈವಿನಲ್ಲಿರುವುದೂ ಅಕ್ಷರಕ್ಕೆ ಅಕ್ಷರ ಒಂದೇ ಎಂದರು. ಆಮೇಲೆ ಬಾಗಿಲು ಹಾಕಿ ಬಂದು ಮರಾಠಿಯಲ್ಲಿ ಕೇಳಿದರು, "ಇದು ವರದಿಗೆ ಅಲ್ಲ, ನನಗೆ ತಿಳಿಯಬೇಕು. ನೀವು ಹೇಗೆ ತೆಗೆದಿರಿ?"

ವಿಂಡೋಸ್ ತನಗೆ ಹಾಕಿದ ಪ್ರತಿ ಡ್ರೈವಿನ ಗುರುತನ್ನೂ ಬರೆದಿಟ್ಟುಕೊಳ್ಳುತ್ತದೆ. ನನ್ನ ಡ್ರೈವಿನ ಗುರುತು ಅದರಲ್ಲಿ ಎಲ್ಲಿಯೂ ಇರಲಿಲ್ಲವಂತೆ. ನಾಲ್ಕು ಪೋರ್ಟುಗಳು ಸತ್ತಿದ್ದವು. ಐದನೆಯದರಲ್ಲಿ ಪ್ರಿಂಟರಿನ ಪ್ಲಗ್ಗು ಹಳೆಯ ಧೂಳಿನ ಉಂಗುರದ ಸಮೇತ ಹಾಗೆಯೇ ಕೂತಿತ್ತು, ಯಾರೂ ಅದನ್ನು ಕಿತ್ತಿರಲಿಲ್ಲ. ನನಗೆ ನೆನಪಿಲ್ಲ ಎಂದೆ. ಅವರು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ.

ಅವತ್ತಿನಿಂದ ನಾನು ಇದನ್ನು ಎಲ್ಲ ಕಡೆಯಿಂದಲೂ ಬಿಚ್ಚಿ ನೋಡಿದ್ದೇನೆ. ಘಾಟು ತಲೆಗೇರಿ, ಮಾಡಿದ್ದು ನನಗೇ ನೆನಪಿಲ್ಲದೆ ಇರಬಹುದು. ನನ್ನ ಕೈಯೇ ಆ ಕೇಬಲ್ ಕಿತ್ತು, ಡ್ರೈವ್ ಹಾಕಿ, ನಕಲು ಮಾಡಿ, ಮತ್ತೆ ಕೇಬಲ್ ಸಿಕ್ಕಿಸಿರಬಹುದು. ಹಾಗಾದರೆ ಆ ಧೂಳು ಹೇಗೆ ಉಳಿಯಿತು? ಆ ಗುರುತು ಏಕೆ ಇಲ್ಲ? ಸದ್ದು ನನ್ನ ಭ್ರಮೆ ಎಂದುಕೊಂಡರೆ, ಹೊರಗೆ ಕೂತ ಮನುಷ್ಯನಿಗೆ ಅದು ಏಕೆ ಕೇಳಿಸಿತು? ವಿಚಾರಣೆಯ ದಿನ ನಾನು ಬದಿಗೆ ಕರೆದು ಕೇಳಿದಾಗ ಮ್ಯಾನೇಜರ್ ತಾವು ಏನೂ ಕೇಳಿಲ್ಲವೆಂದರು. ಅವರು ಇನ್ನೂ ಎಷ್ಟೋ ವಿಷಯಗಳ ಬಗ್ಗೆ ಹಾಗೆಯೇ ಅಂದರು. ಕೇಸು ಇನ್ನೂ ನಡೆಯುತ್ತಿದೆ. ಅದರಲ್ಲಿ ಅವರ ಜೊತೆ ನನ್ನ ಹೆಸರೂ ಇದೆ, ಇರಬೇಕಾದದ್ದೇ. ತಾರೀಖು ಬಂದಾಗ ಅಂಗಡಿ ಮುಚ್ಚಿ ಸಾಂಗಲಿಗೆ ಹೋಗುತ್ತೇನೆ.

'ಆಪರೇಟರನ ತಪ್ಪಿಲ್ಲ' ಎಂಬ ವರದಿ ಬಂದ ಮೇಲೆ ಅದರ ಪ್ರತಿಯನ್ನು ಕೊಡಲು ಮಾಲಗಾಂವಿಗೆ ಹೋಗಿದ್ದೆ. ಅವತ್ತು ಪದ್ಮಕ್ಕನ ಮನೆಯಲ್ಲಿ ಓಣಿಯ ಹೆಂಗಸರಿಬ್ಬರು ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಬಂದದ್ದು ನೋಡಿ ಎದ್ದು ಹೋದರು. ಆಗ ನಾನು ಪದ್ಮಕ್ಕನಿಗೆ ಎಲ್ಲವನ್ನೂ ಹೇಳಿದೆ. ಐದನೆಯ ಪೋರ್ಟನ್ನು ನೋಡಿಯೂ ಮುಟ್ಟದೆ ಬಿಟ್ಟದ್ದು, ಆ ಎರಡು ಸ್ವರ, ಜೇಬಿನಲ್ಲಿ ಬಿಸಿಯಾಗಿದ್ದ ಡ್ರೈವ್, ಎಲ್ಲವನ್ನೂ. ಬೇರೆ ಯಾರಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಅವರು ಕೈ ಮುಗಿಯಬಹುದು, ಅಳಬಹುದು, 'ಅವ್ರ ಬಂದು ಮಾಡ್ಯಾರ' ಎನ್ನಬಹುದು ಎಂದುಕೊಂಡಿದ್ದೆ. ಅನ್ನಲಿ ಎಂಬ ಆಸೆಯೂ ಇತ್ತೆಂದು ಕಾಣುತ್ತದೆ. ಅಷ್ಟಾದರೂ ಒಂದು ಕಾರಣ ಸಿಗುತ್ತಿತ್ತು.

ಪದ್ಮಕ್ಕ ಆ ಕಾಗದದ ಮಡಿಕೆಗಳನ್ನು ಬೆರಳಿನಿಂದ ಸವರಿದರು.

"ಅವ್ರಿಗೆ ಅದೆಲ್ಲಾ ಬರ್ತಿರ್ಲಿಲ್ರಿ, ಮಾಸ್ತರ," ಎಂದರು. "ಗುಂಡಿ ಒತ್ತೂದು ಅಷ್ಟ ಕಲಿಸಿದ್ರು. ಮನ್ಯಾಗ ಮೊಬೈಲ್‌ದಾಗ ಒಂದು ಫೋಟೋ ಹುಡುಕ್ಬೇಕಾದ್ರೂ ನನ್ನ ಕೈಯಾಗ ಕೊಡ್ತಿದ್ರು."

ಮತ್ತೆ ಆ ವಿಷಯ ಅವರು ಎತ್ತಲಿಲ್ಲ. ನಾನೂ ಎತ್ತಿಲ್ಲ. ಅವರಲ್ಲದಿದ್ದರೆ ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.